ಷರಾ

ನನ್ನ ಹೆಸರು ಬೋರಮ್ಮ. ರಿಗ್ ಕೊಳ್ಳುವ ಮೊದಲೇ ಇದ್ದ ಹೆಸರು,
ತಾತ ಬೋರಯ್ಯನಿಂದ ಬಂದದ್ದು. ಯಾರೂ ನಂಬುವುದಿಲ್ಲ.

ವಿಮಾನ ನೋಡಲು ಓಬಳೇಶನನ್ನೂ ಕರೆದುಕೊಂಡು ಹೋದೆ,
ನನ್ನ ಕಂಪ್ರೆಸರಿನ ಕೆಮ್ಮು ದೂರದಿಂದಲೇ ಗುರುತಿಸುವವನು.
ಬಾಗಿಲು ಮುಚ್ಚಿದ ತರಬೇತಿ ಶಾಲೆಯ ಶೆಡ್ಡು,
ಮೂಲೆಯಲ್ಲಿ ಸೆಸ್ನಾ, ರೆಕ್ಕೆಯ ಮೇಲೆ ಪಾರಿವಾಳದ ಹಿಕ್ಕೆ,
ಎಂಬತ್ತರ ಇಸವಿಯದು. ಎರಡು ಸೀಟು, ಒಂದು ಇಂಜಿನ್ನು.
ಓಬಳೇಶ ಪ್ರೊಪೆಲರನ್ನು ಕೈಯಿಂದ ತಿರುಗಿಸಿ ಕಿವಿಗೊಟ್ಟ:
"ಅಕ್ಕಾ, ಮೂರು ಸಿಲಿಂಡರ್ ಸರಿ ಐತೆ,
ನಾಲ್ಕನೇದು ಸುಳ್ಳು ಹೇಳ್ತೈತೆ."
ಲಾಗ್ ಬುಕ್ಕಿನಲ್ಲಿ ಯಾರೋ ನೀಲಿ ಇಂಕಿನಲ್ಲಿ ಬರೆದಿದ್ದರು:
ಗಟ್ಟಿಯಾಗಿ ಇಳಿದದ್ದು, ಮುಂದಿನ ಗಾಲಿಯ ಫೋರ್ಕ್ ಬದಲು.
ಆ ಸಿಲಿಂಡರಿನ ಹೆಸರಲ್ಲಿ ಮೂರು ಲಕ್ಷ ಇಳಿಸಿದೆ.
ಹಳೇ ರಿಗ್ಗಿನ ಅರ್ಧ ರೇಟು. ರೆಕ್ಕೆ ಬಿಚ್ಚಿ
ನಮ್ಮದೇ ಲಾರಿಯಲ್ಲಿ ತಂದೆವು.

ಹೊಳಲ್ಕೆರೆ ದಾರಿಯಲ್ಲಿ ನಿಂತುಹೋದ ಸಿಮೆಂಟ್ ಕಾರ್ಖಾನೆ,
ಅದರ ಧಣಿಗಳು ಒಂದು ಕಾಲಕ್ಕೆ ಬಂದಿಳಿಯುತ್ತಿದ್ದ ರನ್‌ವೇ.
ಬಿರುಕಿನಲ್ಲಿ ಬೆಳೆದ ತುಂಬೆ ಕೀಳಿಸಿ,
ಕುರಿಹಿಂಡು ದಾಟುವ ಹೊತ್ತು ಕೇಳಿ ಬರೆದಿಟ್ಟುಕೊಂಡೆವು.
ಗಾಳಿಚೀಲ ಬೇಕಿಲ್ಲ: ಜೋಗಿಮಟ್ಟಿಯ ಗಾಳಿಯಂತ್ರಗಳು
ಯಾವ ಕಡೆ ಮುಖ ಮಾಡಿವೆಯೋ ಅತ್ತಲಿಂದ ಗಾಳಿ.

ಕಲಿಸುವವಳು ಹರಿಹರದ ಫಿರ್ದೋಸ್. ಅವಳಿಗೆ ಇಪ್ಪತ್ತಾರು,
ನನಗೆ ಐವತ್ತೊಂದು. ಮೊದಲ ದಿನ ‘ಆಂಟಿ’ ಅಂದಳು;
ಎರಡನೇ ದಿನದಿಂದ ‘ರೀ, ಮೂಗು ಕೆಳಗೆ!’

ಎತ್ತರದ ಮುಳ್ಳು ನೋಡಿ ನಗು ಬಂತು.
ಗಾಲಿ ನೆಲದಲ್ಲೇ ಇದೆ, ಮುಳ್ಳು ಎರಡು ಸಾವಿರದ ನಾನೂರರಲ್ಲಿ.
"ಸಮುದ್ರದಿಂದ ಎಣಿಸೋದು," ಅಂದಳು.
ಅಡಿಗಿಷ್ಟು ಎಂದು ಬಿಲ್ ಮಾಡಿದವಳು ನಾನು;
ಗಿರಾಕಿಗಳಿಗೆ ಹೀಗೆ ಹೇಳಿದ್ದರೆ
ಕೊಳವೆ ಕಿತ್ತುಕೊಂಡು ಬಡಿಯುತ್ತಿದ್ದರು.

ಪ್ರತಿ ಬೆಳಿಗ್ಗೆ ರೆಕ್ಕೆಯ ಕೆಳಗೆ ಬಗ್ಗಿ
ಗಾಜಿನ ಕೊಳವೆಗೆ ಒಂದಿಷ್ಟು ಪೆಟ್ರೋಲು ಇಳಿಸಬೇಕು,
ಬೆಳಕಿಗೆ ಹಿಡಿದು ನೋಡಬೇಕು. ತಿಳಿನೀಲಿ.
"ತಳದಲ್ಲಿ ಮಣಿಯ ಹಾಗೆ ಕೂತಿದ್ದರೆ ಅದು ನೀರು.
ಒಂದು ಹನಿ ಇದ್ದರೂ ಹಾರೋ ಹಾಗಿಲ್ಲ."
ಮೂವತ್ತು ವರ್ಷ. ಬೂದಿಬಣ್ಣದ ಧೂಳು ನುಂಗುತ್ತಾ,
ಆರುನೂರು, ಏಳುನೂರು, ಕೊಳವೆಗೆ ಕೊಳವೆ ಸೇರಿಸುತ್ತಾ,
ಅಂಗೈಲಿ ತೆಂಗಿನಕಾಯಿ ನಿಲ್ಲಿಸಿಕೊಂಡು ನಡೆಯುವವರ ಹಿಂದೆ ನಡೆಯುತ್ತಾ
ಇನ್ನೊಂದು ಕೊಳವೆ, ಇನ್ನೊಂದೇ, ಅಂದವಳು
ಈಗ ಮೊಣಕಾಲೂರಿ ನೀರೇ, ಬರಬೇಡ ಅನ್ನುತ್ತೇನೆ.

ಏರುವುದು ಬೇಗ ಬಂತು. ಇಳಿಯುವುದು ಬರಲಿಲ್ಲ.
ನೆಲ ಕಂಡರೆ ಒಳಕ್ಕೆ ಹೊಡೆಯುವ ಕೈ ಇದು.
ಗುದ್ದಿದೆ, ಕಪ್ಪೆಯ ಹಾಗೆ ಕುಪ್ಪಳಿಸಿದೆ, ಮತ್ತೆ ಗುದ್ದಿದೆ.
ಓಬಳೇಶ ಫೋರ್ಕ್ ನೋಡಿದ, ಆಮೇಲೆ ನನ್ನನ್ನು.
"ಇಳಿಸಬೇಡಿ," ಫಿರ್ದೋಸ್ ಅಂದಳು,
"ಒಂದಡಿ ಮೇಲೆ ಹಿಡಿದಿಡಿ. ಇಳಿಸದೇ ಇರೋಕೆ ನೋಡಿ.
ಸುಸ್ತಾಗಿ ಅದೇ ಕೂರುತ್ತೆ."
ಕೂತಿತು.

ಆವತ್ತು ಅವಳು ಇಂಜಿನ್ ನಿಲ್ಲಿಸದೆ ಇಳಿದು ಬಾಗಿಲು ಹಾಕಿದಳು.
ಐವತ್ತೆರಡು ಕೆಜಿ ಕಳೆದುಕೊಂಡ ವಿಮಾನ
ನಾನೆಣಿಸಿದ್ದಕ್ಕಿಂತ ಮೊದಲೇ ನೆಲ ಬಿಟ್ಟಿತು.
ಬಲಕ್ಕೆ ಖಾಲಿ ಸೀಟು, ಬೆಲ್ಟು ಬಿಗಿದದ್ದು.
ಎಡಕ್ಕೆ ಕೋಟೆ, ಯಾರೋ ಲೋಡುಗಟ್ಟಲೆ ಬಂಡೆ ಸುರಿದು
ಲೆಕ್ಕ ಮರೆತು ಹೋದ ಹಾಗೆ.
ಚಳ್ಳಕೆರೆ ಕಡೆ ತಿರುಗುವ ಹಾಗಿಲ್ಲ, ಅಲ್ಲಿ ಆಕಾಶಕ್ಕೂ ಬೇಲಿ.
ಕೆಳಗೆ ಹೊಲಗಳ ಮೂಲೆಯಲ್ಲಿ ಬಿಳಿ ಬಿಳಿ ಚುಕ್ಕೆ.
ಸುಣ್ಣ ಅಂದುಕೊಂಡೆ. ಅಲ್ಲ.
ಕಲ್ಲಿನ ಹಿಟ್ಟು. ಕೊರೆದು, ಮುಚ್ಚಿ ಬಂದ ಜಾಗಗಳು.
ಅದು ನಂದು. ಅದೂ ನಂದು. ಹುಣಸೆಮರದ ಪಕ್ಕದ್ದು
ತಿರುಚೆಂಗೋಡಿನ ರಿಗ್ಗಿನವರದ್ದು, ನನ್ನ ಲೆಕ್ಕಕ್ಕೆ ಬರೆಯಬೇಡಿ.
ಸಾವಿರದ ನಲವತ್ತಡಿ ಹೋಗಿದ್ದೆ ಅಗೋ ಆ ಕರಿಕಲ್ಲಿನಲ್ಲಿ;
ಈಗ ಅದರ ಮೇಲೆ ಹೆಚ್ಚೂಕಡಿಮೆ ಅಷ್ಟೇ ಎತ್ತರ.
ನಡುವೆ ಒಂದು ಹೊಲ, ಕಾಗದದಷ್ಟು ತೆಳ್ಳಗೆ.

ಇಳಿದು ಲಾಗ್ ಬುಕ್ ತೆರೆದೆ.
ದಿನಾಂಕ. ಸಮಯ, ಹದಿನಾಲ್ಕು ನಿಮಿಷ. ಇಳಿದದ್ದು, ಒಂದು.
ಕೊನೆಗೆ ‘ಷರಾ’ ಅಂತ ಒಂದು ಕಾಲಂ,
ರಿಗ್ಗಿನ ಪುಸ್ತಕದಲ್ಲೂ ಇರುವಂಥದ್ದು.
ಕೈ ಅಭ್ಯಾಸಬಲದಿಂದ ಬರೆದುಬಿಟ್ಟಿತು:
ನೀರು ಇಲ್ಲ.

ಹೊಡೆದುಹಾಕಲು ಫಿರ್ದೋಸ್ ಪೆನ್ನು ಕೇಳಿದಳು.
ಕೊಡಲಿಲ್ಲ.