ಕಡತ ೦೨೧೩

ಹೆಸರು ಹೇಳುವಂತಿಲ್ಲ, ಸಹಿ ಹಾಕಿದ್ದೇನೆ.
ಹಾಳೆ ಒಪ್ಪುವಷ್ಟು ಹೇಳುತ್ತೇನೆ:
ಗಂಡಸು. ಎಂಬತ್ತೈದು ದಾಟಿದೆ. ಬಲಗೈ ರೂಢಿ.
ಓದಿದ ವರುಷ ಎರಡು. ಮೈಯಲ್ಲಿ ಲೋಹವಿಲ್ಲ.

ಮುಹರ್ರಕ್‌ನ ಹಳೆ ಓಣಿಯಿಂದ ಮೊಮ್ಮಗಳು ಕರೆತಂದಳು.
ಕಾರಿನ ಎಸಿ ಅತಿಯಾಯಿತೆಂದು ಬೈಯುತ್ತಲೇ ಇಳಿದರು,
ಜುಲೈ ತಿಂಗಳಲ್ಲಿ,
ಬಾಗಿಲ ಹಿಡಿಕೆ ಮುಟ್ಟಿದರೆ ಕೈ ಚುರ್ರೆನ್ನುವ ಹೊತ್ತಿನಲ್ಲಿ.

ಒಪ್ಪಿಗೆ ಪತ್ರವನ್ನು ಅವಳಿಂದ ಓದಿಸಿಕೊಂಡರು.
ನಿಮ್ಮ ಮಿದುಳಿನ ಚಿತ್ರ ಜಗತ್ತಿನ ಯಾವ ಸಂಶೋಧಕರಿಗೂ
ಕೇಳಿದರೆ ಸಿಗುವುದು, ಎಂಬಲ್ಲಿ
ಬೆರಳಿಟ್ಟು ತಡೆದರು.
'ಯಾರ ಲೆಕ್ಕದಲ್ಲಿ ಬರೆಯುತ್ತೀರಿ?'

ಅವರ ಕಾಲಕ್ಕೊಂದು ಪುಸ್ತಕವಿತ್ತಂತೆ,
ಮುತ್ತಿನ ದೋಣಿಯ ಯಜಮಾನನದು.
ಅಕ್ಕಿ, ಖರ್ಜೂರ, ಹಗ್ಗ,
ಹೋದ ವರುಷದ ಬಾಕಿ, ಅದರ ಬೆನ್ನ ಮೇಲೆ ಈ ವರುಷದ್ದು.
ಅಪ್ಪ ಸತ್ತರೂ ಅಪ್ಪನ ಹೆಸರು ಸಾಯಲಿಲ್ಲ,
ಕಾನೂನು ಬೇರೆ ಹೇಳುತ್ತಿತ್ತು, ಪುಸ್ತಕ ಬೇರೆ.
ಅದೇ ಸಾಲಿನ ಕೆಳಗೆ ಇವರದ್ದು ಸೇರಿತು.
ಆಗ ಹನ್ನೊಂದು ವಯಸ್ಸು.

'ಇಲ್ಲಿ ಮೊದಲು ಹೆಸರನ್ನೇ ಅಳಿಸುತ್ತೇವೆ ಅಜ್ಜ'
ಎಂದೆ ನನ್ನ ಮುರುಕು ಅರಬಿಯಲ್ಲಿ. 'ಆಮೇಲೆ ಮುಖ.'
'ಮುಖವೂ?'
'ಕಣ್ಣು, ಮೂಗು, ಬಾಯಿ. ಗುರುತು ಸಿಗಬಾರದಲ್ಲ.
ಕಂಪ್ಯೂಟರು ಹೆರೆದು ಹಾಕುತ್ತದೆ. ನೋಯುವುದಿಲ್ಲ.'
ಮೂಗನ್ನು ಮುಟ್ಟಿ ನೋಡಿಕೊಂಡರು,
ಆಮೆಚಿಪ್ಪಿನ ಚಿಮಟ ಕೂರುತ್ತಿದ್ದ ಜಾಗದಲ್ಲಿ
ಚರ್ಮ ಇನ್ನೂ ತುಸು ತಗ್ಗಿತ್ತು.
'ಹಾಗಾದರೆ ಮಗನ ತಲೆಗೆ ಏನೂ ಬರುವುದಿಲ್ಲ'
ಎಂದು ಸಹಿ ಮಾಡಿದರು. ತುಂಬ ಹೊತ್ತು ಹಿಡಿಯಿತು.

ಸುರಂಗದೊಳಗೆ ತಳ್ಳುವ ಮುಂಚೆ
ಎಲ್ಲರಿಗೂ ಕೊಡುವ ರಬ್ಬರ್ ಉಂಡೆ ಕೊಟ್ಟೆ.
ಗಾಬರಿಯಾದರೆ ಒತ್ತಿ, ಹೊರಗೆಳೆಯುತ್ತೇನೆ.
ಮುಷ್ಟಿಯಲ್ಲಿ ಅದನ್ನು ತೂಗಿ ನಕ್ಕರು.
'ಹಗ್ಗ. ನೀನು ನನ್ನ ಸೈಬ್.'
ಮೊಮ್ಮಗಳು ಬಿಡಿಸಿ ಹೇಳಿದಳು:
ಕಾಲಿಗೆ ಕಲ್ಲು ಕಟ್ಟಿ ಇಳಿದವನ ಹಗ್ಗದ ಮೇಲ್ತುದಿ ಹಿಡಿದು
ದೋಣಿಯಲ್ಲಿ ನಿಲ್ಲುವವನು ಸೈಬ್.
ಅವನು ತೂಕಡಿಸಿದರೆ ಮುಗಿಯಿತು.

ನಾನು ಉಳ್ಳಾಲದವಳು, ಕಡಲ ಮಗ್ಗುಲಲ್ಲೇ ಬೆಳೆದವಳು,
ಈಜು ಬಾರದು.
ಅದನ್ನು ಅವರಿಗೆ ಹೇಳಲಿಲ್ಲ.

ನಲವತ್ತು ನಿಮಿಷ ಯಂತ್ರ ಬಡಿಯಿತು,
ಡಬ್ಬ ಬಡಿದ ಹಾಗೆ, ಆಮೇಲೆ ಹಲಗೆ ಕೊರೆದ ಹಾಗೆ.
ಉಂಡೆ ಒತ್ತಲಿಲ್ಲ. ನಾನು ಕಣ್ಣು ಕದಲಿಸಲಿಲ್ಲ.
ಚಹಾದ ಮೇಲೆ ಕೆನೆ ಕಟ್ಟಿತು.

ಎಂಟು ತಿಂಗಳ ಮೇಲೆ ಪೋರ್ಟೋದಿಂದ ಒಂದು ಪತ್ರ,
ಯಾರೋ ವಿದ್ಯಾರ್ಥಿನಿ, ಚಿತ್ರ ಇನ್ನೂ ತೆರೆದಿಲ್ಲ,
ಬರೀ ಕೋಷ್ಟಕ ನೋಡಿ ಕೇಳಿದ್ದಾಳೆ:
೦೨೧೩ ಮನುಷ್ಯನೇ? ಅಥವಾ ಯಂತ್ರ ಪರೀಕ್ಷಿಸಲು
ನೀವಿಡುವ ನೀರು ತುಂಬಿದ ಬುರುಡೆಯೇ?
ತಲೆ ಕೂದಲೆಳೆಯಷ್ಟೂ ಅಲುಗಿಲ್ಲ.
ಎದೆಪಟ್ಟಿ ಬರೆದ ಗೆರೆ, ನಡುವೆ
ಎಪ್ಪತ್ತೆರಡು ಸೆಕೆಂಡು, ನೆಟ್ಟಗೆ ಮಲಗಿದೆ.

ನಮ್ಮ ತಪಾಸಣೆಯ ಪ್ರೋಗ್ರಾಮೂ ಅದನ್ನೇ ಅಂದಿತ್ತು,
ಕೆಂಪಕ್ಷರದಲ್ಲಿ: ಪಟ್ಟಿ ಕೆಟ್ಟಿದೆ, ಈ ಭಾಗ ಕೈಬಿಡಿ.
ನೂರಾರು ತಲೆಗಳ ನಡುವೆ ನಾನೂ ಓದದೆ ಒಪ್ಪಿದ್ದೆ.

ಅವರು ಇದ್ದಾರೋ ಇಲ್ಲವೋ ತಿಳಿಯುವ ದಾರಿಯಿಲ್ಲ.
ಹೆಸರಿಗೂ ಸಂಖ್ಯೆಗೂ ಗಂಟು ಹಾಕುವ ಹಾಳೆ
ಮೂರನೇ ಮಹಡಿಯ ಕಪಾಟಿನಲ್ಲಿದೆ,
ಕೀಲಿಕೈ ನನ್ನ ಬಳಿಯಿಲ್ಲ, ಇರಲೂಬಾರದು.

ಕೆಂಪನ್ನು ತೆಗೆದೆ.
ಕಾರಣಕ್ಕೆಂದು ಇರುವುದು ಅರವತ್ತು ಅಕ್ಷರದ ಚೌಕ.
ಪಟ್ಟಿ ಸರಿಯಿದೆ. ಉಸಿರು ಹಿಡಿದದ್ದು ಅವರೇ. ಅಳಿಸಬೇಡಿ.

ಮಾರನೆಯ ದಿನ ಅವಳು: ಹಿಡಿಯಿರಿ ಎಂದು ನೀವು ಹೇಳಿದ್ದಿರಾ?
ಇಲ್ಲ, ಎಂದು ಬರೆದೆ.
ಗೆರೆಯನ್ನು ಇನ್ನೊಂಚೂರು ಮುಂದಕ್ಕೆ ನೋಡಿ,
ಎಪ್ಪತ್ತಮೂರನೇ ಸೆಕೆಂಡು.