ಹುರುಳಿ, ಒಂದು ಪಾವು

ಅಕ್ಕ ನಾಗಮಂಗಲದಿಂದ ಕಳಿಸಿದ ಹುರುಳಿ
ಹಳೇ ದಿಂಬಿನ ಚೀಲದಲ್ಲಿ ಬಂತು,
ಬಾಯಿಗೆ ಸೀರೆಯಂಚಿನ ಕಟ್ಟು.
ಮಂಡ್ಯದ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಎತ್ತಿ ಹಿಡಿದು ಕೂಗಿದ:
‘ಯಾರ್ದ್ರಪ್ಪೋ ಈ ತಲೆದಿಂಬು?’

ನಾನು ತೂಕದವನು.
ಕಾರ್ಖಾನೆ ಗೇಟಿನಲ್ಲಿ ಕಬ್ಬಿನ ಗಾಡಿ ಹತ್ತುವ ಕಬ್ಬಿಣದ ಹಲಗೆ ಪಕ್ಕ
ಇಪ್ಪತ್ತೆರಡು ಹಂಗಾಮು ಕೂತಿದ್ದೇನೆ,
ಮೊದಲು ಮುಳ್ಳು, ಈಗ ಕೆಂಪು ಅಂಕಿ.
ಟನ್ನು ಕ್ವಿಂಟಲು ನನ್ನ ಲೆಕ್ಕ,
ಪಾವು ಅಚ್ಚೇರು ಅವ್ವನದು.
ಅವಳ ಹಿತ್ತಾಳೆ ಪಾವು ನನಗೆ ಬಂತು,
ಹೊಲ ಅಣ್ಣನಿಗೆ.

ಇಂದ್ರಾಣಿ ತರಬೇತಿಗೆಂದು ಮೈಸೂರಿಗೆ ಹೋದ ವಾರ,
ಶನಿವಾರ ರಾತ್ರಿ, ಮೊರದಲ್ಲಿ ಹರಡಿ ಕಲ್ಲು ಆರಿಸಿದೆ.
ಹುರುಳಿಯ ಬಣ್ಣವೇ ಕಲ್ಲಿಗೂ.
ಕಣ್ಣನ್ನು ನಂಬಬಾರದು, ಬೆರಳಿಗೆ ಬಿಡಬೇಕು:
ಕಲ್ಲು ಒಂಚೂರು ತಣ್ಣಗಿರುತ್ತದೆ.
ಹನ್ನೊಂದು ಸಿಕ್ಕವು.
ಹನ್ನೆರಡನೆಯದೊಂದು ಇದ್ದೇ ಇರುತ್ತದೆ, ಹಲ್ಲಿಗೆ ಕಾದು.

ಒಂದು ಪಾವು ನೆನೆಹಾಕಿ ಮಲಗಿದೆ.
ಬೆಳಿಗ್ಗೆ ಮುಚ್ಚಳ ತೆಗೆದರೆ ಪಾತ್ರೆ ತುಂಬ ಊದಿದ ಮುಖಗಳು,
ಅಳೆದರೆ ಎರಡು ಪಾವಿಗೆ ಹತ್ತಿರ.
ಕಬ್ಬಿಗೆ ನೀರು ಹೊಡೆದು ತರುವವರು ನೆನಪಾಗಿ ನಗು ಬಂತು.
ಕಂಟ್ರಾಕ್ಟರ್ ಮುದ್ದೇಗೌಡ ಹಾಗೇ ಒಮ್ಮೆ
ತೊಟ್ಟಿಕ್ಕುವ ಲೋಡು ನಿಲ್ಲಿಸಿ
ಸಿಗರೇಟು ಪ್ಯಾಕಿನಲ್ಲಿ ಮಡಚಿದ ನೋಟು ಚಾಚಿದ್ದ.
ಅವನ ಬೇಳೆ ಬೇಯಲಿಲ್ಲ
ಎಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.
ಒಂದು ಸಲ ಬೆಂದಿತ್ತು.
ಈ ಮೂರು ಬರ್ನರಿನ ಗಾಜಿನ ಒಲೆ ಆ ವಾರ ಬಂದದ್ದು.

ಅದರ ಮೇಲೆ ಕುಕ್ಕರ್ ನಾಲ್ಕು ಕೂಗಿತು.
ತೆಗೆದು ಹಿಚುಕಿದೆ: ಹಿಸುಕಿದ್ದು ನನ್ನ ಬೆರಳು.
ಮತ್ತೆ ಐದು.
ಮತ್ತೆ ನಾಲ್ಕು.
ಹದಿಮೂರನೇ ಕೂಗಿಗೆ ಕಾಂಪೌಂಡಿನಾಚೆ ದ್ಯಾವೀರಮ್ಮ,
ಚರಂಡಿ ಜಗಳವಾಗಿ ಎಂಟು ತಿಂಗಳಿಂದ ಮಾತು ಬಿಟ್ಟವರು,
ಗೋಡೆಗೆ ಹೇಳಿದರು:
‘ಏನ್ ಕಲ್ ಬೇಯಿಸ್ತಾವ್ರೋ ಕಾಣೆ.’

‘ಹುರುಳಿ’ ಅಂದೆ, ನಾನೂ ಗೋಡೆಗೇ.
‘ಯಾವ್ ನೀರು?’
‘ಬೋರಿಂದು.’
‘ಬೋರ್ ನೀರ್ಗೆ ಹುರ್ಳಿ ಬೆಂದದಾ? ಉಪ್ಪೂ ಮೊದ್ಲೇ ಸುರ್ದಿದ್ದೀರೇನೋ.’
ಸುರಿದಿದ್ದೆ.
‘ಒಲೆ ಸರಿಯಿಲ್ವೇನೋ ಅಂದ್ಕಂಡೆ’ ಅಂದೆ.
‘ಒಲೆ ಏನ್ ಮಾಡ್ತದೆ ಪಾಪ. ನೀರು, ನೀರು.’

ಗೇಟಿನ ಸದ್ದು.
ನೋಡಿದರೆ ಗೋಡೆಯ ಮೇಲೆ ತುಂಬಿದ ಬಿಂದಿಗೆ,
ಮೂರು ದಿನಕ್ಕೊಮ್ಮೆ ನಲ್ಲಿಯಲ್ಲಿ ಬರುವ ಕಾವೇರಿ.
ಹಿಂದೆ ಯಾರೂ ಇಲ್ಲ.

ಉಪ್ಪುನೀರನ್ನು ಚರಂಡಿಗೆ ಚೆಲ್ಲಿದೆ, ಅದೇ ಚರಂಡಿಗೆ,
ಹೊಸ ನೀರಿಟ್ಟೆ.
ನಾಲೆಯ ಮುಖ ಕಾಣದ ಕಾಳು ಅದು,
ಇಬ್ಬನಿ ನೆಕ್ಕಿಕೊಂಡು ಕಾಯಿ ಕಟ್ಟಿದ್ದು.
ಐದನೇ ಕೂಗಿಗೆ ಬಾಯಿ ಬಿಟ್ಟಿತು,
ಮನೆಯೆಲ್ಲ ಜಟಕಾ ಸ್ಟ್ಯಾಂಡಿನ ವಾಸನೆ,
ನೆಂದ ಗೋಣಿ, ಬೆವರಿದ ಕುದುರೆ, ಬಿಸಿ ಮಣ್ಣು.

ಕಟ್ಟು ಬಸಿದೆ. ಕಡುಗಾಫಿಯ ಬಣ್ಣ.
ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುಣಸೆ,
ಒಂದು ಹಿಡಿ ಬೆಂದ ಕಾಳು ಸೇರಿಸಿ ರುಬ್ಬುವಾಗ ನೆನಪಾಯಿತು:
‘ನಿಮ್ಮ ಮಾತಲ್ಲಿ ಹುರುಳಿಲ್ಲ’ ಎಂದು
ಆವತ್ತು ಚರಂಡಿ ಬಳಿ ನಿಂತು ಅವರಿಗೆ ಅಂದವನು ನಾನು.

ಬಿಂದಿಗೆಯನ್ನು ಬರಿದೇ ಮರಳಿಸಬಾರದು.
ಅದರ ಬಾಯಿಗೆ ತಟ್ಟೆ ಮುಚ್ಚಿ, ಮೇಲೊಂದು ಬಟ್ಟಲು ಬಸ್ಸಾರು,
ಪಕ್ಕದಲ್ಲಿ ಒಗ್ಗರಣೆ ಹಾಕಿದ ಕಾಳು,
ಗೋಡೆಯ ಮೇಲಿಟ್ಟು ಒಳಗೆ ಬಂದೆ.
ಒಲೆ ಒರೆಸಿದೆ. ಗಾಜಿನಲ್ಲಿ ಮುಖ ಕಂಡಿತು, ಮತ್ತೆ ಒರೆಸಿದೆ.

ಮುದ್ದೆ ಮುರಿದು ಸಾರಿಗೆ ಅದ್ದಿ,
ಹನ್ನೆರಡನೆಯದಕ್ಕಾಗಿ ಹುಷಾರಾಗಿ ಅಗಿಯುತ್ತಿದ್ದೆ.
ಸಿಗಲಿಲ್ಲ.
ಎರಡನೇ ಮುದ್ದೆಗೆ ಕೈ ಹಾಕುವ ಹೊತ್ತಿಗೆ
ಆಚೆಯಿಂದ, ಈ ಸಲ ಗೋಡೆಗಲ್ಲ,
ಇಡೀ ಬೀದಿಗೆ ಕೇಳುವಂತೆ:
‘ಮರಿಸ್ವಾಮೀ! ಕಲ್ಲು!’