ಮೆಮೊ

ಉಡುಪಿ ಕೋರ್ಟು. ಮೀನು ಮಾರುವ ಕಟ್ಟೆಯ ಕೇಸು.
ವಕೀಲರು ಎದ್ದು ಮೆಮೊ ಕೊಟ್ಟರು, ಬಹಳ ಮರ್ಯಾದೆಯಿಂದ:
ಮೇಡಮ್ಮನವರ ಹೆಸರಿನ ಬಾಲದಲ್ಲಿ ಮೆಂಡನ್ ಉಂಟಲ್ಲ,
ಬೇರೆಯವರು ಕೇಳಿದರೆ ಚೆಂದ.

ಫ್ಯಾನು ಕಿರುಗುಟ್ಟಿತು.
ಹೋದ ವರ್ಷ ಒಂದು ಬೋಟಿನ ಕೇಸು
ಯಾರೂ ಕೇಳದೆ ಅವರೇ ಬಿಟ್ಟಿದ್ದರು,
ಅಣ್ಣನ ಸಾಲಕ್ಕೆ ಜಾಮೀನು ನಿಂತವರೆಂದು.

“ಜಾಮೀನಿಗೆ ಸಹಿ ಹಾಕಿದ್ದೆ, ವಕೀಲರೇ.
ಹುಟ್ಟಿಗೆ ಹಾಕಿದ ನೆನಪಿಲ್ಲ.”

ಗೋಡೆಯ ಹಲಗೆಯಲ್ಲಿ ಹಿಂದಿನ ಹದಿನೇಳು ಹೆಸರು,
ಬಾಲ ಇಲ್ಲದ್ದು ಒಂದೂ ಇಲ್ಲ.
ಜಾಗ, ಗೇಣಿ, ದೇವಸ್ಥಾನದ ಹುಂಡಿ, ಎಲ್ಲ ಕೇಳಿದರು;
ನನ್ನ ಇಪ್ಪತ್ತೊಂದು ವರ್ಷದ ಬೆಂಚ್ ಕ್ಲರ್ಕುತನದಲ್ಲಿ
ಅಂಥ ಮೆಮೊಗೆ ನಾನು ಸೀಲು ಹೊಡೆದದ್ದಿಲ್ಲ.

ಮೆಮೊ ವಜಾ. ಮಧ್ಯಾಹ್ನ ಕ್ಯಾಂಟೀನಿನಲ್ಲಿ
ವಕೀಲರ ತಟ್ಟೆಯಲ್ಲೂ ಬಂಗುಡೆ.
ತೀರ್ಪು ಮುಂದಿನ ತಿಂಗಳು.
ಕಟ್ಟೆಯ ಹೆಂಗಸರು ಸೋತರೂ ಸೋತಾರು.